ಲೈನು

ಇಂಗ್ಲಿಷಿನ ಮೊದಲ ಪಾಠ. ಬೊಳ್ಳಮ್ಮ ಟೀಚರು
ಸೀಮೆಸುಣ್ಣ ಎತ್ತಿ ಹಿಡಿದು ಹೇಳಿದರು:
'ಸ್ಲೇಟಿನ ಮೇಲೆ ಎಲ್ಲರೂ ಒಂದು ಲೈನ್ ಬರೆಯಿರಿ.'
ಎಲ್ಲರೂ ಗೆರೆ ಎಳೆದರು.
ನಾನು ಮನೆ ಬರೆದೆ.

ಉದ್ದನೆಯ ಒಂದೇ ತಗಡು, ಅದರಡಿ ಹನ್ನೆರಡು ಬಾಗಿಲು,
ಐದನೆಯದರ ಮುಂದೆ ಒಂದು ಕೋಳಿ,
ಕೋಳಿಗಿಂತ ಚಿಕ್ಕದಾಗಿ ಅವ್ವ, ಜಾಗ ಸಾಲದೆ.

ಪಕ್ಕದ ಹುಡುಗ ನಕ್ಕ. ಅವನ ಗೆರೆ ನೆಟ್ಟಗಿತ್ತು.
ಟೀಚರು ತಪ್ಪೂ ಹಾಕಲಿಲ್ಲ, ಸರಿಯೂ ಹಾಕಲಿಲ್ಲ.
ಸ್ಲೇಟನ್ನು ಬಹಳ ಹೊತ್ತು ಕೈಯಲ್ಲೇ ಇಟ್ಟುಕೊಂಡಿದ್ದರು.

ಅಮ್ಮತ್ತಿಯಾಚೆಯ ಆ ತೋಟದಲ್ಲಿ
ಲೈನಿಗೆ ಹೋಗುವುದೆಂದರೆ ಮನೆಗೆ ಹೋಗುವುದು.
ಲೈನಲ್ಲಿ ಹುಟ್ಟಿದೆ. ಲೈನಲ್ಲಿ ಅಪ್ಪ ತೀರಿಕೊಂಡ.
ಸಂತೆಯಿಂದ ಒಬ್ಬರು ಒಣಮೀನು ತಂದರೆ
ಲೈನಿಗೆ ಲೈನೇ ಮೂಗರಳಿಸುತ್ತಿತ್ತು.

ಆಮೇಲೆ ಉಳಿದ ಅರ್ಥಗಳು ಒಂದೊಂದಾಗಿ ಬಸ್ಸಿಳಿದವು.
ರೇಷನ್ ಅಂಗಡಿಯ ಮುಂದೆ ಅವ್ವ ನಿಂತದ್ದು ಲೈನು.
ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಬಾಚಣಿಗೆ ಹಿಡಿದು
ಚಿಕ್ಕಪ್ಪನ ಮಗ ಬೊಳಕ ಹೊಡೆಯುತ್ತಿದ್ದದ್ದೂ ಲೈನೇ,
ಯಾರೂ ಬೀಳಲಿಲ್ಲ.
ಎಸ್ಟೇಟ್ ಆಫೀಸಿನ ಕಪ್ಪು ಫೋನಿನೊಳಗೆ
ನಾಲ್ಕು ಹನಿ ಬಿದ್ದರೆ ಸಾಯುತ್ತಿದ್ದದ್ದು ಲೈನು.
ರೈಲಿನದು ಮಾತ್ರ ಈ ಜಿಲ್ಲೆಗೇ ಇಲ್ಲ.
ಮೈಸೂರಿನಲ್ಲಿ ಮೊದಲು ಕಂಡಾಗ
ಬಗ್ಗಿ ಮುಟ್ಟಿ ನೋಡಿದೆ. ಬಿಸಿಯಿತ್ತು.

ಐಟಿಐ ಮುಗಿಸಿ ಟೀಚರ ಮನೆಗೇ ವೈರಿಂಗಿಗೆ ಹೋದೆ.
ಇಟ್ಟಿಗೆಯಷ್ಟು ದಪ್ಪದ ನಿಘಂಟು ತಂದು ಕೂತರು:
'ಅವತ್ತು ನೀನು ಬರೆದದ್ದು ತಪ್ಪಲ್ಲ ಕಣೋ, ಇಲ್ಲಿ ನೋಡು.
ಬೇರಿನಲ್ಲಿರುವುದು ಅಗಸೆ. ನೀಲಿ ಹೂವಿನ ಅಗಸೆ.
ಲ್ಯಾಟಿನ್ನಿನವರು ಲೀನುಮ್ ಅಂದರು.
ಅದರ ನಾರು ಹೊಸೆದರೆ ದಾರ,
ದಾರ ಬಿಗಿದು ಎಳೆದರೆ ಗೆರೆ,
ಗೆರೆಯಗುಂಟ ಜನ ನಿಂತರೆ ಸಾಲು,
ಸಿಪಾಯಿಗಳನ್ನು ಸಾಲಾಗಿ ಮಲಗಿಸಿದ ದಂಡಿನ ಮನೆಗಳಿಗೂ ಅದೇ ಹೆಸರು.
ಅಲ್ಲಿಂದ ಯಾವನೋ ದೊರೆ
ಕಾಫಿ ಸಸಿಯ ಜೊತೆ ಇದನ್ನೂ ಇಲ್ಲಿ ನೆಟ್ಟಿರಬೇಕು.
ಕೋಟಿನ ಒಳಮೈಗೆ ಹೊಲಿಯುವ ಲೈನಿಂಗೂ ಅದೇ ನಾರಿನದೇ,
ಹೊರಗೆ ಕಾಣದ್ದು, ಬೆಚ್ಚಗಿಡುವುದು.'
ನಾನು ಸ್ವಿಚ್‌ಬೋರ್ಡಿನ ಸ್ಕ್ರೂ ತಿರುಗಿಸುತ್ತಲೇ ಇದ್ದೆ.
ನಮ್ಮ ತಗಡಿಗೆ ಒಳಮೈ ಇರಲಿಲ್ಲ.

'ಕನ್ನಡದಲ್ಲಿ ಸಾಲುಮನೆ ಅನ್ನಬಹುದಲ್ವಾ?' ಎಂದರು.
ಅನ್ನಬಹುದು. ಆದರೆ ಸಾಲಿನ ಕೊಂಬು ಮುರಿದರೆ ಸಾಲ,
ಅವ್ವನ ಹೆಸರಿನ ಎದುರು ರೈಟರು ಬರೆದಿಟ್ಟದ್ದು.
(ರೈಟರೆಂದರೆ ನಮ್ಮಲ್ಲಿ ಕತೆಗಾರನಲ್ಲ, ಹಾಜರಿ ಬರೆಯುವವನು.
ಕೆಲವು ವಾರ ಕತೆಯನ್ನೇ ಬರೆಯುತ್ತಿದ್ದ.)

ಈಗ ನನ್ನ ಗುರುತಿನ ಚೀಟಿಯಲ್ಲೂ ಅದೇ ಪದ: ಲೈನ್‌ಮ್ಯಾನ್.
ಕಂಬ ಹತ್ತುವ ಮುನ್ನ ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು.
ಒಂದು ಸಂಜೆ ಅವಸರದಲ್ಲಿ ಮರೆತ ಜೋಯಪ್ಪ
ಆಫೀಸಿನ ಗೋಡೆಯ ಮೇಲೆ ಮೀಸೆ ತಿರುವಿಕೊಂಡು ಇದ್ದಾನೆ.
ಆನೆಗೆ ಯಾರ ಕ್ಲಿಯರೆನ್ಸೂ ಬೇಡ.
ಸೋಲಾರ್ ಬೇಲಿಯ ಮೇಲೆ ಮರ ಕೆಡವಿ, ಅದನ್ನು ತುಳಿದು,
ತನ್ನ ಅಜ್ಜಿ ನಡೆದಲ್ಲೇ ನಡೆದು ಹೋಗುತ್ತದೆ.

ಮೊನ್ನೆ ಹೂಮಳೆ ಬಿದ್ದ ಮರುದಿನ ಅದೇ ತೋಟದಿಂದ ಫೋನು.
ಸಿಲ್ವರ್ ಓಕಿನ ಕೊಂಬೆ ತಂತಿಯ ಮೇಲೆ.
ಕಾಫಿ ಮೊಗ್ಗು ಇನ್ನೂ ಬಿರಿದಿರಲಿಲ್ಲ.
ಕಂಬದ ತುದಿಯಿಂದ ಎಣಿಸಿದೆ, ಹನ್ನೆರಡೂ ಇದ್ದವು.
ಐದನೆಯದರ ಮುಂದೆ ಅಸ್ಸಾಮಿನ ಒಬ್ಬಾಕೆ,
ಸೊಂಟದಲ್ಲಿ ಮಗು, ಬಾಯಲ್ಲಿ ಹತ್ತು ತಿಂಗಳ ಕನ್ನಡ:
'ಅಣ್ಣಾ, ಏನು ಮಾಡೋದು?'
'ಲೈನ್ ರಿಪೇರಿ' ಎಂದೆ.

ಅವಳ ಮುಖ ಬೆಳಗಿತು.
'ಮೊದಲು ನಮ್ದು ಮಾಡು. ಇಲ್ಲಿ, ಒಲೆ ಮೇಲೇ ಸೋರ್ತದೆ.'

ಬೆಲ್ಟಿನಲ್ಲಿ ಇಕ್ಕಳ, ಟೇಪು, ಎರಡು ಫ್ಯೂಸು.
ತಗಡಿಲ್ಲ, ಡಾಂಬರಿಲ್ಲ.
ಏಣಿ ಇತ್ತು.