ಕಿವಿ ನಿಮಿರಿ ನಿಂತಾಗ

ಸಿಸಿಮಿಯುತ್ ವಿಮಾನ ನಿಲ್ದಾಣದ ಸರಕು ಕಿಟಕಿಯಲ್ಲಿ
ಹನ್ನೊಂದು ವರ್ಷದಿಂದ ಕೂತಿದ್ದೇನೆ.
ಒಣಮೀನು, ಹೊಲಿಗೆ ಯಂತ್ರ, ಒಮ್ಮೆ ಒಂದು ಚರ್ಚಿನ ಗಂಟೆ,
ಎಲ್ಲವನ್ನೂ ತೂಗಿ ಕಳಿಸಿದ್ದೇನೆ.
ನಾಯಿಯನ್ನು ಮಾತ್ರ ತೂಗಿದರೆ ಸಾಲದು,
ಅಳೆಯಬೇಕು.

ಎನಿಯಾಸ್ ತಂದ ನಾಯಿಯ ಹೆಸರು ತುಲುಗಾಕ್,
ನಮ್ಮ ಮಾತಿನಲ್ಲಿ ಕಾಗೆ.
ಒಂಬತ್ತು ಚಳಿಗಾಲ ಜಾರುಬಂಡಿ ಎಳೆದು
ಎಡಗಾಲು ಕೊಂಚ ಹಿಂದುಳಿಯುತ್ತದೆ.
ನಾಲ್ಕು ಮಾರು ಸರಪಳಿ ಹಿಮದಲ್ಲಿ ಬರೆದ ದುಂಡು
ಅದರ ಅಂಗಳ.
ಹುಟ್ಟಿದಾಗಿನಿಂದ ತಲೆಯ ಮೇಲೆ
ಆಕಾಶ ಬಿಟ್ಟರೆ ಬೇರೆ ಸೂರಿಲ್ಲ.

‘ದೊಡ್ಡದೇ ಇರಲಿ, ನಿವಿ,
ದುಡ್ಡಿನ ಮಾತು ಬೇಡ.’
ದೊಡ್ಡದಾದರೆ, ಗಾಳಿ ಗುದ್ದಿದಾಗ
ಡಬ್ಬಿಯೊಳಗಿನ ಬಟಾಣಿಯ ಹಾಗೆ ಉರುಳುತ್ತದೆ, ಅಂದೆ.
‘ಚಿಕ್ಕದಾದರೆ?’
ತಿರುಗಲಾಗದೆ
ಒಂದೇ ಗೋಡೆಯನ್ನು ನೋಡುತ್ತ ಕೂರುತ್ತದೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಮನುಷ್ಯರಿಗೆ;
ಇಲ್ಲಿ ಕಾಲು ಎಷ್ಟಿದೆಯೋ ಅಷ್ಟು ಹಾಸಿಗೆ.

ಮಂಡಿಯೂರಿ ಟೇಪು ಬಿಚ್ಚಿದೆ.
ಮೂಗಿನ ತುದಿಯಿಂದ ಬಾಲದ ಬುಡಕ್ಕೆ
ನೂರಾ ಎರಡು.
ಬಾಲ?
ಬಾಲ ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಮುಂಗಾಲು, ನೆಲದಿಂದ ಮೊಣಕೈವರೆಗೆ, ಮೂವತ್ತಾರು;
ಅದರಲ್ಲಿ ಅರ್ಧ ಉದ್ದಕ್ಕೆ ಸೇರಿಸು.
ಭುಜದ ಅಗಲ ಇಪ್ಪತ್ತೆಂಟು, ಅದರ ಎರಡರಷ್ಟು.
ರೋಮವನ್ನು ಅಳೆಯಬೇಕೋ, ಎಲುಬನ್ನೋ?
ಬೆರಳು ಇಳಿಬಿಟ್ಟೆ; ಎರಡು ಅಂಗುಲ ಆಳದಲ್ಲಿ
ಬೆಚ್ಚಗೆ ಸಿಕ್ಕಿದ ತುಲುಗಾಕ್.
ರೋಮವನ್ನೂ ಬರೆದುಕೊಂಡೆ.

ಎತ್ತರಕ್ಕೆ ಬಂದಾಗ ಸಿಕ್ಕು.
ಅಂಗಡಿಯ ದೊಡ್ಡ ಪೆಟ್ಟಿಗೆ ನಮ್ಮ ಪುಟ್ಟ ವಿಮಾನದ ಬಾಗಿಲು ಹೊಗದು,
ಹೊಗುವ ಪೆಟ್ಟಿಗೆಯಲ್ಲಿ ಎರಡು ಬೆರಳು ಸಾಲದು.
‘ಕಿವಿ ಮಡಚಿಕೊಂಡರಾಯಿತಲ್ಲ,
ಬೈದಾಗ ಮಡಚುತ್ತಾನಲ್ಲ?’
ಅದಕ್ಕೇ ಬೇಡ, ಅಂದೆ.
ದಾರಿಯುದ್ದ ಬೈಸಿಕೊಂಡವನ ಹಾಗೆ ಹೋಗಬಾರದು.

ಇನ್ನೊಂದನ್ನು ಹೇಳಲಿಲ್ಲ. ನನ್ನ ಮೊದಲ ವರ್ಷ,
ಶಾಲೆಯ ಮಾಸ್ತರ ಹೆಣ್ಣುನಾಯಿಯನ್ನು
ಕಣ್ಣಂದಾಜಿನ ಪೆಟ್ಟಿಗೆಯಲ್ಲಿ ಕಳಿಸಿದ್ದೆ.
ಇಳಿದಾಗ ಎರಡೂ ಕಿವಿಯ ತುದಿ ತರಚಿ ರಕ್ತ.
ಬೈದು ಕಾಗದ ಬರೆದಿದ್ದರೆ ಮರೆಯುತ್ತಿದ್ದೆನೇನೋ,
ಮಾಸ್ತರು ಬರೀ ಫೋಟೊ ಕಳಿಸಿದರು.
ಇನ್ನೂ ಡ್ರಾಯರಿನಲ್ಲಿದೆ, ಟೇಪಿನ ಕೆಳಗೆ.

ಮರುದಿನ ಜಾರುಬಂಡಿಯ ಹಲಗೆಗಳನ್ನು ಹೊತ್ತು ತಂದ,
ಪೆಟ್ಟಿಗೆ ತಾನೇ ಹೊಡೆಯುತ್ತೇನೆ ಅಂತ.
ಭಾರ, ಎನಿಯಾಸ್, ನಾಯಿಗಿಂತ ಪೆಟ್ಟಿಗೆಯೇ ತೂಗುತ್ತದೆ.
ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ವಾಪಸು ಒಯ್ದ.
ಗೋಡೆಗೆ ಪ್ಲೈವುಡ್, ನಾಲ್ಕೂ ಕಡೆ ಗಾಳಿಕಿಂಡಿ,
ನೆಲದ ನಡುವೆ ಮಾತ್ರ ಆ ಹಲಗೆ,
ಸೀಲ್ ಕೊಬ್ಬಿನ ಕಲೆ ಇನ್ನೂ ಹೋಗದ್ದು.
ಎರಡು ದಿನ ಬಾಗಿಲು ತೆರೆದೇ ಇಟ್ಟೆವು.
ಮೊದಲ ದಿನ ಮೂಲೆಮೂಲೆಗೆ ಉಚ್ಚೆ ಹೊಯ್ದ.
ಎರಡನೇ ದಿನ ಒಳಹೊಕ್ಕು, ಹಿಮದಲ್ಲಿ ಗುಳಿ ಮಾಡುವವನಂತೆ
ಸುತ್ತಿ, ಸುತ್ತಿ, ಮತ್ತೊಮ್ಮೆ ಸುತ್ತಿ,
ಉಸ್ಸೆಂದು ಬಿದ್ದುಕೊಂಡ.
ಯಾರೋ ಕೆಮ್ಮಿದರು, ಎದ್ದುನಿಂತ.
ನಿಮಿರಿದ ಕಿವಿಯ ಮೇಲೆ ನಾಲ್ಕು ಬೆರಳು ಗಾಳಿ.

ಫಾರಂ ತುಂಬಿದೆ.
ಇಲ್ಲಿಂದ ದಕ್ಷಿಣಕ್ಕೆ ದಾಟಿದ ನಾಯಿ ಮತ್ತೆ ಬರುವ ಹಾಗಿಲ್ಲ,
ಕಾಯಿದೆ.
‘ಮರಳುವ ದಿನ’ ಎಂಬಲ್ಲಿ ಒಂದು ಗೀಟು ಎಳೆದೆ.
ಎನಿಯಾಸ್ ಅದನ್ನು ನೋಡಲಿಲ್ಲ, ಅಥವಾ ನೋಡಿದ.
ಐವತ್ತೆಂಟಕ್ಕೆ ಮದುವೆಯಾಗುತ್ತಿದ್ದಾನೆ,
ಆಲ್ಬೋರ್ಗಿನಲ್ಲಿ ಬ್ರೆಡ್ಡು ಸುಡುವ ಯುಸ್ತಿನೆಯನ್ನು;
ಮೂರನೇ ಮಹಡಿ, ಎರಡು ಕೋಣೆ,
ಕಡಲು ಕಾಣುವುದಿಲ್ಲವಂತೆ.

‘ಆ ಮನೆಯನ್ನು ಅಳೆದು ಹೇಳುವವರು ಯಾರು, ನಿವಿ?’
ನಿಲ್ಲಲಾಗಬೇಕು, ತಿರುಗಲಾಗಬೇಕು, ಮಲಗಲಾಗಬೇಕು,
ನನಗೆ ಗೊತ್ತಿರುವುದು ಅಷ್ಟೇ, ಅಂದೆ.
‘ಮತ್ತೆ ಕಿವಿ?’

ಪೆಟ್ಟಿಗೆಯೊಳಗಿಂದ ಪ್ಲೈವುಡ್ಡಿಗೆ
ಬಾಲ ಬಡಿಯುವ ಸದ್ದು,
ಆ ಲೆಕ್ಕಕ್ಕಿಲ್ಲದ್ದು.