ಬಲಗೆನ್ನೆ

ನನ್ನ ಮುಖಕ್ಕೆ ಎರಡು ವಯಸ್ಸು.
ಎಡಗೆನ್ನೆ ಇನ್ನೂ ನಲವತ್ತರಲ್ಲೇ ಕೂತಿದೆ,
ಬಲಗೆನ್ನೆ ನನ್ನನ್ನು ಕೇಳದೆ
ಅರವತ್ತರ ಕಡೆ ಹೊರಟುಬಿಟ್ಟಿದೆ.

ಹದಿನೇಳು ವರ್ಷ ಶಾಲೆಯ ವ್ಯಾನು.
ವಿನೋಬನಗರ, ಗೋಪಾಳ, ಆಲ್ಕೊಳ ಸರ್ಕಲ್ಲು.
ಕಿಟಕಿಯ ಪಕ್ಕ ಸ್ಟೇರಿಂಗು, ಕಿಟಕಿಯ ತುಂಬ ಬಿಸಿಲು,
ತುಂಗೆಯ ಸೇತುವೆ ದಾಟುವಾಗ
ನೀರಿನಿಂದಲೂ ಒಂದಿಷ್ಟು ಚಿಮ್ಮುತ್ತದೆ.
ಲೆಕ್ಕ ಇಷ್ಟೇ. ಯಾರ ಶಾಪವೂ ಅಲ್ಲ.

ಕನ್ನಡಿ ಇದೆಯಲ್ಲ ಅನ್ನಬೇಡಿ.
ವ್ಯಾನಿನ ಕನ್ನಡಿಯಲ್ಲಿ ನಾನು ಎಣಿಸುವುದು
ಹಿಂದಿನ ಹದಿನಾಲ್ಕು ಮುಖ;
ನನ್ನದು ಮೇಲಿನ ಅಂಚಿಗೆ ಎರಡು ಹುಬ್ಬು, ಅಷ್ಟೆ.
ಕಂಡುಹಿಡಿದವಳು ಎಲ್‌ಕೆಜಿಯ ಧಾತ್ರಿ:
"ದೇವೀರಮ್ಮ ಆಂಟಿ, ಈ ಕಡೆ ಮ್ಯಾಪ್ ಇದೆ ನಿಮಗೆ."
ಇಡೀ ವ್ಯಾನು ಎದ್ದು ನೋಡಿತು.
ಒಬ್ಬ ಆಫ್ರಿಕಾ ಅಂದ.
ಇನ್ನೊಬ್ಬಳು, ಅಲ್ಲ ಕಣೋ, ಭದ್ರಾವತಿ.

ಆ ಸಂಜೆ ದುರ್ಗಿಗುಡಿಯ ಮೆಡಿಕಲ್ಲಿನಲ್ಲಿ
ಬೆಳ್ಳಗೆ ಮಾಡುವ ಡಬ್ಬಿಗಳೆಲ್ಲ ಎದುರೇ ನಿಂತಿದ್ದವು.
ನುಸ್ರತ್ ಅವನ್ನು ಮೊಣಕೈಯಿಂದ ಸರಿಸಿ
ರಾತ್ರಿ ಏನು ಹಚ್ತೀರಿ, ಎಂದಳು.
ಏನಿಲ್ಲ.
ಬೆಳಿಗ್ಗೆ?
ಸೋಪು. ಬಟ್ಟೆದಲ್ಲ, ಮೈಗೆ ಹಾಕೋದು,
ಎಂದು ಸೇರಿಸಿದೆ, ಮಾನ ಉಳಿಸಿಕೊಳ್ಳಲು.

ಬಿಲ್ಲಿನ ಬೆನ್ನಿಗೆ ಬರೆದುಕೊಟ್ಟಳು:
ನೊರೆ ಜಾಸ್ತಿ ಬಾರದ ಫೇಸ್‌ವಾಶು,
ಮುಖ ಒದ್ದೆಯಿರುವಾಗಲೇ ಸವರುವ ಕ್ರೀಮು,
ವ್ಯಾನು ತೆಗೆಯುವ ಮೊದಲು ಸನ್‌ಸ್ಕ್ರೀನು, ಎರಡು ಬೆರಳುದ್ದ.
ಕತ್ತು ಬಿಡಬೇಡಿ, ಎಲ್ಲರೂ ಬಿಡೋದು ಕತ್ತನ್ನೇ.
ರಾತ್ರಿಯದು ಆಮೇಲೆ. ಚರ್ಮ ಮೊದಲು ನಂಬಲಿ.

ಚರ್ಮ ನಂಬಬೇಕಂತೆ!
ಇಷ್ಟು ಮರ್ಯಾದೆಯಿಂದ ಈ ಮೋರೆಯ ಬಗ್ಗೆ
ಯಾರೂ ಮಾತಾಡಿದ್ದಿಲ್ಲ.

ಐದೂವರೆಗೆ ಬಚ್ಚಲಲ್ಲಿ ನಾನು, ಮೂರು ಟ್ಯೂಬು.
ಯಾವ ಮದುವೆ? ಎಂದ ತೀರ್ಥಪ್ಪ.
ನಂದೇ, ಎರಡನೇದು, ಎಂದೆ.
ನಕ್ಕ. ಹದಿನೈದು ದಿನಕ್ಕೆ ಕ್ರೀಮು ಅರ್ಧವಾಗಿತ್ತು,
ನೋಡಿದರೆ ಅವನ ಹಿಮ್ಮಡಿ
ಮಗುವಿನ ಕೆನ್ನೆಯಂತೆ ಮಿರಮಿರ.
ಮುನ್ನೂರ ಎಂಬತ್ತು ರೂಪಾಯಿಯ ಹಿಮ್ಮಡಿ!
ಬೈದೆ. ಆಮೇಲೆ ಅವನಿಗೊಂದು
ವ್ಯಾಸಲೀನು ತಂದಿಟ್ಟೆ.

ನಮ್ಮವ್ವ ಹೂವಮ್ಮ,
ಎಲ್ಲರಿಗೂ ಬಡಿಸಿ ಮುಗಿದ ಮೇಲೆ
ತುಪ್ಪದ ಮಿಳ್ಳೆಯೊಳಗೆ ಬೆರಳಾಡಿಸಿ
ಅಂಟಿದ್ದನ್ನು ಮೊಣಕೈಗೆ ತಿಕ್ಕಿಕೊಳ್ಳುತ್ತಿದ್ದಳು.
ಅವಳ ಚರ್ಮಕ್ಕೆ ಸಿಕ್ಕಿದ್ದು ಯಾವತ್ತೂ ಉಳಿಕೆ.
ನಾನು ಈಗ ಸಂಬಳದ ದಿನ
ಮೊದಲು ಟ್ಯೂಬು ತೆಗೆದುಕೊಂಡು, ಆಮೇಲೆ ಅಕ್ಕಿಗೆ ಹೋಗುತ್ತೇನೆ.
ಇದನ್ನು ಯಾರಿಗೂ ಹೇಳಿಲ್ಲ.

ಎರಡನೇ ತಿಂಗಳು ರಾತ್ರಿಯದು ಬಂತು.
ಹೆಸರುಕಾಳಿನಷ್ಟೇ, ವಾರಕ್ಕೆ ಎರಡೇ ಸಲ.
ಆಸೆಗೆ ನಾಲ್ಕು ಸಲ ಹಚ್ಚಿದೆ.
ಮೂಗಿನ ಪಕ್ಕ ಸಿಪ್ಪೆ ಎದ್ದಿತು, ನಕ್ಕರೆ ಉರಿ.
ಮೆಡಿಕಲ್ಲಿಗೆ ಜಗಳಕ್ಕೇ ಹೋದೆ.
ನುಸ್ರತ್ ನೋಡಿ ಅಂದಳು:
ಘಾಟಿಯಲ್ಲಿ ಗೇರು ಇಳಿಸಲ್ವಾ ನೀವು?
ಒಂದು ವಾರ ಬಿಡಿ. ಬರೀ ಕ್ರೀಮು ಸಾಕು.
ಜಗಳ ಆಡದೆ ಬಂದೆ.

ಈಗ ಐದನೇ ತಿಂಗಳು.
ಅರವತ್ತರ ಕಡೆ ಹೋದದ್ದು ವಾಪಸು ಬಂದಿಲ್ಲ.
ನಿಂತಿದೆ ಅನಿಸುತ್ತದೆ, ಯಾವುದೋ ಸ್ಟಾಪಿನಲ್ಲಿ,
ಉಳಿದವರೂ ಬರಲಿ ಎಂಬಂತೆ.
ಧಾತ್ರಿ ಹಾಜರಿ ತೆಗೆದುಕೊಳ್ಳುವವಳ ಹಾಗೆ
ದಿನಾ ಹತ್ತುವಾಗ ಬಗ್ಗಿ ನೋಡುತ್ತಾಳೆ:
ಇದೆ ಆಂಟಿ. ಪೆನ್ಸಿಲಲ್ಲಿ ಬರ್ದಂಗೆ ಇದೆ.

ಎರಡು ಬೆರಳುದ್ದ ತೆಗೆದು, ಕೆನ್ನೆ, ಹಣೆ, ಕತ್ತು ಮುಗಿದು
ಬೆರಳಿಗಂಟಿ ಉಳಿದದ್ದನ್ನು
ಮೊದಲೆಲ್ಲ ವೇಲಿಗೆ ಒರೆಸುತ್ತಿದ್ದೆ.
ಈಗ ಬಲಗೈಯ ಬೆನ್ನಿಗೆ.
ಸ್ಟೇರಿಂಗಿನ ಮೇಲೆ ಅದೂ ಕೂತಿತ್ತಲ್ಲ, ಹದಿನೇಳು ವರ್ಷ.
ಅದರ ವಯಸ್ಸೆಷ್ಟೋ, ಇನ್ನೂ ಕೇಳಿಲ್ಲ.