ಮೂರನೆಯ ಅಧ್ಯಾಯದ ಗೋಲು

ನನ್ನ ಪ್ರಬಂಧದ ಮೂರನೆಯ ಅಧ್ಯಾಯಕ್ಕೆ
‘ಕ್ರೀಡೆ ಮತ್ತು ರಾಜತಂತ್ರ’ ಎಂದು ಹೆಸರು.
ಅದರ ಮುಖ್ಯ ಆಕರ
ಬೆಳಗಾವಿ ಕ್ಯಾಂಪಿನ ಮೈದಾನದಾಚೆ, ತಗಡಿನ ಕೋಣೆಯಲ್ಲಿ
ಸುಣ್ಣದ ಚೀಲಗಳ ನಡುವೆ ಕೂತು ಬೀಡಿ ಹಚ್ಚುತ್ತದೆ.

“ಗೆರಿ ಹಾಕಾಂವ ನಾ. ಆಡಾವ್ರು ಅವ್ರು.
ನನ್ನ ಏನ ಕೇಳ್ತಿಯವಾ?”
ಅನ್ನುತ್ತಾನೆ ಫಕ್ರುಸಾಬ ಬೇಪಾರಿ.
ರೆಕಾರ್ಡರಿನ ಕೆಂಪು ಚುಕ್ಕೆಗೆ ಬೆನ್ನು ತಿರುಗಿಸಿ
ಎಲ್ಲ ಹೇಳುತ್ತಾನೆ.

ಕೊಂಕಣದಿಂದ ಘಟ್ಟ ಹತ್ತಿ ಬಂದ ಮನೆತನ,
ಪಲ್ಟನ್ನಿನಲ್ಲಿ ಹವಾಲ್ದಾರನಾಗಿದ್ದ ಅಜ್ಜ,
ಅವನ ಹಿಂದಿನವರು ಎಣ್ಣೆ ತೆಗೆದವರು,
ಶನಿವಾರ ಮಾತ್ರ ಗಾಣಕ್ಕೆ ಎತ್ತು ಹೂಡದವರು.
ಮೊಮ್ಮಗ ಹಯೀಮ್ ಮ್ಹಸಳೇಕರ್,
ಕ್ಯಾಂಪಿನ ಹುಡುಗರ ಬಾಯಲ್ಲಿ ಹೇಮಣ್ಣ.
ಹದಿನಾರಕ್ಕೆ ಮುಂಬೈಯ ರೈಲು ಹತ್ತಿದ.
ಅಲ್ಲಿಂದಾಚೆಗೆ ನಕಾಶೆ ಬೇಕು.

ಅವನ ಅವ್ವ ಹನ್ನಾಬಾಯಿ, ಹರಕೆ ತೀರಿದಾಗ
ನೆನೆಸಿದ ಅವಲಕ್ಕಿಗೆ ಸಕ್ಕರೆ, ಹಸಿ ಕೊಬ್ಬರಿ ಕಲಸಿ
ಮೇಲೆ ಐದು ಹಣ್ಣಿಟ್ಟು
ಪ್ರವಾದಿ ಎಲಿಯಾಹುವಿನ ಹೆಸರು ಹೇಳಿ
ಬೇಪಾರಿಗಳ ಮನೆಗೂ ಒಂದು ತಾಟು ಕಳಿಸುತ್ತಿದ್ದಳಂತೆ.
“ಮಲೀದಾ ಅಂತಿದ್ಲು. ನಮ್ಮ ದರ್ಗಾದಾಗ ಮಾಲ್ದಿ,
ಚಪಾತಿ ಮುರದು ಬೆಲ್ಲಾ ಹಾಕಿ.”
ನಮ್ಮ ರಾಮದುರ್ಗದ ಮನೆಯಲ್ಲಿ ಮಾದಲಿ,
ಹಾಲು ಸುರುವಿಕೊಂಡು.
ಮೂರೂ ಅಕ್ಕತಂಗಿಯರಿರಬೇಕು ಎಂದು ಬರೆದೆ.
ಗೈಡಿನ ಪೆನ್ಸಿಲು ಅಂಚಿನಲ್ಲಿ ಕೇಳಿತು:
ಪುರಾವೆ?

ಎರಡು ಸರಕಾರಗಳ ಸಂಬಂಧ ಕುದುರಿ ಎರಡು ವರ್ಷ,
ತೊಂಬತ್ನಾಲ್ಕರ ಚಳಿ.
ಅಶ್ದೋದಿನಿಂದ ನಲವತ್ತು ದಾಟಿದವರ ಹಾಕಿ ತಂಡ,
ಬ್ಯಾಂಡು, ಎರಡು ಬಾವುಟ, ಸಾಹೇಬರಿಗೆ ಬೆತ್ತದ ಕುರ್ಚಿ,
ಭಾಷಣದಲ್ಲಿ ಏಳು ಸಲ ‘ಮೈತ್ರಿ’.
ಸಾಲಿನ ಕೊನೆಗೆ ನಿಂತಿದ್ದ ಹೇಮಣ್ಣ
ಸುಣ್ಣ ಮೆತ್ತಿದ ಕೈ ಹಿಡಿದು ಅಂದನಂತೆ:
“ಗೆರಿ ಇನ್ನೂ ಸೊಟ್ಟನ ಹಾಕ್ತಿಯೇನೋ ಮಗನ?”

ಅರ್ಧ ಆಟಕ್ಕೆ ಊರವರಲ್ಲೊಬ್ಬನ ಮೊಣಕಾಲು ಹೊರಳಿತು.
ಬದಲಿಗೆ ಯಾರೂ ಇರಲಿಲ್ಲ.
ಹೇಮಣ್ಣ ಅಂಗಿ ಬದಲಿಸಿ ಈ ಕಡೆ ಬಂದ.
ಕೊನೆಯ ನಿಮಿಷದ ಗೋಲು ಅವನದೇ,
ತನ್ನವರ ವಿರುದ್ಧ.
ಅಥವಾ ತನ್ನವರಿಗಾಗಿ.

ಮರುದಿನ ಕನ್ನಡ ಪತ್ರಿಕೆ ಮೂರು-ಎರಡು ಎಂದಿತು.
ಮರಾಠಿ ಪತ್ರಿಕೆ ಎರಡು-ಎರಡು.
ಈ ಊರಲ್ಲಿ ಅದಕ್ಕೆ ಯಾರೂ ಬೆರಗಾಗಲಿಲ್ಲ.
ನನ್ನ ಕೋಷ್ಟಕದಲ್ಲಿ ಮಾತ್ರ
‘ಗೋಲು ಯಾರ ಖಾತೆಗೆ’ ಎಂಬ ಮನೆ
ಎಂಟು ತಿಂಗಳಿಂದ ಖಾಲಿ.

ಈಗ ವಿಷಯ ಹೇಳಿದರೆ ಸಾಕು
ಚಹಾದಂಗಡಿಯಲ್ಲಿ ಬಸಿ ಕೆಳಗಿಟ್ಟು ಕೇಳುತ್ತಾರೆ:
ನೀವು ಯಾರ ಕಡೆ?
ಸೆಮಿನಾರಿನ ಫಲಕದಲ್ಲಿ ದೇಶದ ಹೆಸರು ಒರೆಸಿ
‘ಪಶ್ಚಿಮ ಏಷ್ಯಾ’ ಎಂದು ಬರೆದರು.
ಸಂಜೆಗೆ ಅದನ್ನೂ ಒರೆಸಿದರು.

ಫಕ್ರುಸಾಬ ಮೊಬೈಲು ತೆಗೆದು ತೋರಿಸುತ್ತಾನೆ.
ಹೆಬ್ಬೆರಳಿನ ಕೆಳಗೆ ಕುಸಿದ ಮನೆಗಳು ಸರಿಯುತ್ತವೆ,
ಬೂದಿ ಮೆತ್ತಿದ ಕೂಸು,
ನೆಲಮಾಳಿಗೆಯ ಮೆಟ್ಟಿಲಲ್ಲಿ ಬೇರೆ ಯಾರೋ ಮುದುಕಿ.
“ಅಂವನ ಮ್ಯಾಲ ಸಿಟ್ಟೂ ಬರತೈತಿ ನೋಡವಾ.
ದಿನಾ ಫೋನೂ ಹಚ್ಚತೇನಿ.
ಹೋದ ವಾರದಿಂದ ನಂಬರ ಹತ್ತವಲ್ದು.”

ಈ ಮಾತನ್ನು ಯಾವ ಅಧ್ಯಾಯಕ್ಕೆ ಹಾಕಲಿ?
ರೆಕಾರ್ಡರು ಆರಿಸಿದೆ.

ನಾಳೆ ಸಾಲಿ ಹುಡುಗಿಯರ ಪಂದ್ಯ ಇದೆಯಂತೆ.
ಅವನು ಸುಣ್ಣದ ಡಬ್ಬಿ ಎತ್ತಿಕೊಂಡ,
ಹಗ್ಗದ ಒಂದು ತುದಿ ನನ್ನ ಕೈಗೆ ಕೊಟ್ಟ.
“ಹಿಡಕೋ. ಭಾಳ ಜಗ್ಗಬ್ಯಾಡ.”
ಅವನು ಬಗ್ಗಿಕೊಂಡು, ಕೆಮ್ಮುತ್ತ, ಹಿಂದೆ ಹಿಂದೆ ಸರಿಯುತ್ತ
ಆ ತುದಿಯವರೆಗೆ ಹೋದ.

ಗೆರೆ ಸೊಟ್ಟವೇ ಬಂತು.